ಅಕ್ಕನ ಸೀಟಿನ ತಿರುಪು

ನಮ್ಮ ಭಾವನಿಗೆ ಕೋಪ ಬರುವುದಿಲ್ಲ. ಇದನ್ನು ನಾನು ಹೊಗಳಿಕೆಗೆ ಹೇಳುತ್ತಿಲ್ಲ. ಕೋಪ ಬಾರದವರ ಜೊತೆ ಒಂದೇ ಸೂರಿನಡಿ ಹದಿನೆಂಟು ವರ್ಷ ಇದ್ದು ನೋಡಿ, ಆಗ ಗೊತ್ತಾಗುತ್ತದೆ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಾನು ಒಂದಕ್ಕೆ ಹತ್ತು ಮಾತಾಡಿ, ಇನ್ನೇನು ಅವರೂ ಒಂದು ಮಾತು ಆಡುತ್ತಾರೆ, ಜಗಳ ಹದಕ್ಕೆ ಬರುತ್ತದೆ ಅಂತ ಕಾಯುತ್ತಿದ್ದರೆ, ಅವರು "ಆಯ್ತಾ? ಸ್ವಲ್ಪ ನೀರು ಕುಡಿ" ಅನ್ನುತ್ತಾರೆ. ಇಂಥವರ ಹತ್ತಿರ ಜಗಳವಾಡುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ.

ಭಾವ ಅಂದರೆ ನನ್ನ ಅಕ್ಕನ ಗಂಡ. ಸೈಕಲ್ ರಿಪೇರಿ ಮಾಡುತ್ತಾರೆ. ನಮ್ಮ ಮನೆಯ ಮುಂಭಾಗದಲ್ಲಿ ಬೀದಿಗೆ ತೆರೆದುಕೊಂಡ ಎರಡು ಕೋಣೆಗಳಿವೆ. ಒಂದರಲ್ಲಿ ಅವರ ಅಂಗಡಿ, ಇನ್ನೊಂದರಲ್ಲಿ ನನ್ನ ಹೊಲಿಗೆ ಮಷೀನು. ನಾನು ಹೊಸ ಬಟ್ಟೆ ಹೊಲಿಯುವುದಕ್ಕಿಂತ ಹಳೆಯದನ್ನು ಬಿಗಿ ಮಾಡಿ, ಸಡಿಲ ಮಾಡಿ ಕೊಡುವುದೇ ಹೆಚ್ಚು. ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಒಂದು ಕಿಟಕಿ ಇದೆ, ಅದಕ್ಕೆ ಬಾಗಿಲಿಲ್ಲ. ಹಾಗಾಗಿ ಅವರ ಅಂಗಡಿಯಲ್ಲಿ ಆಡಿದ ಮಾತೆಲ್ಲ ನನ್ನ ಕಿವಿಗೆ ಬೀಳುತ್ತದೆ. ನನ್ನ ಗಿರಾಕಿಗಳು ಸೊಂಟದ ಅಳತೆಯಲ್ಲಿ ಸುಳ್ಳು ಹೇಳುವುದು ಅವರಿಗೂ ಕೇಳಿಸುತ್ತದೆ, ಆದರೆ ಅವರು ಕೇಳಿಸದವರ ಹಾಗೆ ಇರುತ್ತಾರೆ.

ಬೀದಿಯಲ್ಲಿ ಅವರ ಹೆಸರು ಬನ್ನಿಸ್ವಾಮಿ. ಇದು ಹೆತ್ತವರು ಇಟ್ಟ ಹೆಸರಲ್ಲ. ಬಿಚ್ಚದೆ ಹಟ ಹಿಡಿದು ಕೂತ ತಿರುಪುಗಳಿಗೆ ಅವರು ಬೈಯುವುದಿಲ್ಲ, ಬಹುವಚನ ಕೊಟ್ಟು ಮಾತಾಡಿಸುತ್ತಾರೆ. "ಬನ್ನಿ ಸ್ವಾಮಿ, ಎಷ್ಟು ವರ್ಷ ಅಂತ ಒಳಗೇ ಇರ್ತೀರಿ? ಬನ್ನಿ, ಬನ್ನಿ." ಬೇರೆ ಬಡಾವಣೆಯಿಂದ ಬಂದವರು ಅದೇ ಅವರ ಹೆಸರು ಅಂದುಕೊಂಡು "ಬನ್ನಿಸ್ವಾಮಿ ಇದ್ದಾರಾ?" ಅಂತ ನನ್ನ ಬಾಗಿಲಲ್ಲಿ ನಿಂತು ಕೇಳುವುದುಂಟು. ನಾನು ಮುಖ ಗಂಟಿಕ್ಕಿಕೊಂಡೇ "ಪಕ್ಕದಲ್ಲಿದ್ದಾರೆ" ಅಂತ ಕೈ ತೋರಿಸುತ್ತೇನೆ.

ತಲೆಯ ಮೂಲೆಗಳು ಸವೆದು ಗುಂಡಗಾಗಿ, ಸ್ಪ್ಯಾನರ್ ಹಾಕಿದರೆ ಜಾರುತ್ತದಲ್ಲ, ಅಂಥ ತಿರುಪಿಗೆ ಅವರ ಅಂಗಡಿಯಲ್ಲಿ ಮೊಂಡ ಅಂತ ಹೆಸರು. ಊರಿನಲ್ಲಿ ಬೇರೆ ರಿಪೇರಿ ಅಂಗಡಿಗಳಿಲ್ಲ ಅಂತಲ್ಲ. ಅಲ್ಲಿಯವರು ಕೈಚೆಲ್ಲಿದ ಮೊಂಡಗಳೆಲ್ಲ ಕೊನೆಗೆ ಇಲ್ಲಿಗೇ ಬರುತ್ತವೆ. ಭಾವ ಒಂದು ಸಣ್ಣ ಸ್ಟೂಲ್ ಎಳೆದುಕೊಂಡು ಅದರ ಮುಂದೆ ಕೂರುತ್ತಾರೆ. ಮೊದಲು ಸುಮ್ಮನೆ ನೋಡುತ್ತಾರೆ. ಆಮೇಲೆ ಸೀಮೆಎಣ್ಣೆಗೆ ಮಷೀನ್ ಎಣ್ಣೆ ಬೆರೆಸಿ ಎರಡು ಹನಿ ಬಿಡುತ್ತಾರೆ, ಮರದ ಹಿಡಿಯಿಂದ ಸುತ್ತಲೂ ಮೆಲ್ಲಗೆ ತಟ್ಟುತ್ತಾರೆ, ಎದ್ದು ಹೋಗಿ ಬೇರೆಯವರ ಪಂಕ್ಚರ್ ಹಾಕುತ್ತಾರೆ. ಗಿರಾಕಿ "ಎಷ್ಟು ಹೊತ್ತಾಗುತ್ತೆ?" ಅಂದರೆ "ಎಣ್ಣೆ ಇಳೀಬೇಕಲ್ಲ" ಅನ್ನುತ್ತಾರೆ. ಸೀಳು ಸವೆದ ಸ್ಕ್ರೂ ಆದರೆ ಹಳೆಯ ಟ್ಯೂಬಿನ ತುಂಡೊಂದನ್ನು ನಡುವೆ ಇಟ್ಟು ಸ್ಕ್ರೂಡ್ರೈವರ್ ಒತ್ತುತ್ತಾರೆ, ರಬ್ಬರು ಸಂದಿಗೆ ತುಂಬಿ ಹಿಡಿತ ಕೊಡುತ್ತದೆ. ಆರು ಮೂಲೆಯದಾದರೆ ಅರದಿಂದ ಎರಡು ಪಕ್ಕ ಉಜ್ಜಿ ಚಪ್ಪಟೆ ಮಾಡಿ, ಒಂದು ನಂಬರ್ ಚಿಕ್ಕ ಸ್ಪ್ಯಾನರ್ ಕೂರಿಸುತ್ತಾರೆ. ಇಷ್ಟೆಲ್ಲ ಆದ ಮೇಲೂ ಮೊದಲು ಬಿಚ್ಚುವುದಿಲ್ಲ. ಕೂದಲೆಳೆಯಷ್ಟು ಬಿಗಿ ಮಾಡುತ್ತಾರೆ. ತುಕ್ಕಿನ ಹಿಡಿತ ಬಿಗಿಯುವ ಕಡೆಗೆ ಮುರಿದರೂ ಮುರಿದ ಹಾಗೇ, ಆಮೇಲೆ ವಾಪಸ್ ಬರುವುದು ಸುಲಭ ಅಂತ ಅವರ ಲೆಕ್ಕ. ಕಿರ್ ಅಂತ ಒಂದು ಸದ್ದು ಬರುತ್ತದೆ. ಆಗ ಅವರ ಮುಖ ನೋಡಬೇಕು.

ಇನ್ನೊಂದು ವಿದ್ಯೆ ಅವರಿಗಿದೆ. ಹಾಳಾದ ತಿರುಪು ನೋಡಿ, ಹಾಳು ಮಾಡಿದವರು ಎಂಥವರು ಅಂತ ಹೇಳುತ್ತಾರೆ. ಒಮ್ಮೆ ಒಬ್ಬ ಹೈಸ್ಕೂಲ್ ಮೇಷ್ಟ್ರು ಬ್ರೇಕಿನ ಸ್ಕ್ರೂ ತೋರಿಸಿ, "ನಾನು ಮುಟ್ಟೇ ಇಲ್ಲ, ತಾನಾಗೇ ಹೀಗಾಗಿದೆ" ಅಂದರು. ಭಾವ ಅದನ್ನು ಬೆಳಕಿಗೆ ತಿರುಗಿಸಿ ನೋಡಿ, "ಅಡುಗೆಮನೆ ಚಾಕು ಹಾಕಿದಾರೆ ಸಾರ್. ಒಂದು ಸಲ ಅಲ್ಲ, ಮೂರು ಸಲ. ಮೂರನೇ ಸಲ ಸ್ವಲ್ಪ ಕೋಪ ಬಂದಿದೆ" ಅಂದರು. ಮೇಷ್ಟ್ರು ಸ್ವಲ್ಪ ಹೊತ್ತು ಚಾವಣಿ ನೋಡಿ, "ನಮ್ಮ ಮನೆಯವಳು ಚಾಕು ಹುಡುಕ್ತಾ ಇದ್ದಾಳೆ, ದಯವಿಟ್ಟು ಅವಳಿಗೆ ಹೇಳ್ಬೇಡಿ" ಅಂದರು. ಕಿಟಕಿಯ ಈಚೆ ನಾನು ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕೆ.

ಇನ್ನು ಅಕ್ಕ. ಅಕ್ಕ ಆರೋಗ್ಯ ಕೇಂದ್ರದ ನರ್ಸು. ಆಸ್ಪತ್ರೆಯಲ್ಲಿ ಕೂರುವ ನರ್ಸ್ ಅಲ್ಲ, ಮನೆಮನೆಗೆ ಹೋಗುವವಳು. ಹೆರಿಗೆಯಾಗಿ ಮನೆಗೆ ಬಂದ ತಾಯಿಯನ್ನೂ ಮಗುವನ್ನೂ ನೋಡುವುದು, ಮಗುವನ್ನು ಬಟ್ಟೆಯ ಜೋಲಿಯಲ್ಲಿಟ್ಟು ತಕ್ಕಡಿಗೆ ತಗುಲಿಸಿ ತೂಗುವುದು, ಹಾಲು ಕುಡಿಯದ ಕೂಸಿಗೆ ಕುಡಿಯಲು ಕಲಿಸುವುದು, ಅದಕ್ಕಿಂತ ಹೆಚ್ಚಾಗಿ ಹೆದರಿ ಕೂತ ಹೊಸ ತಾಯಿಯ ಪಕ್ಕ ಅರ್ಧ ಗಂಟೆ ಕೂತು ಏನೇನೋ ಹರಟೆ ಹೊಡೆದು ನಗಿಸಿ ಬರುವುದು. ಮೂವತ್ತೆರಡು ವರ್ಷದಿಂದ ಒಂದೇ ಸೈಕಲ್ಲಿನಲ್ಲಿ ಈ ಕೆಲಸ ಮಾಡಿದ್ದಾಳೆ. ಅವಳು ದಾರಿಯಲ್ಲಿ ಹೋದರೆ ಮೀಸೆ ಬಂದ ಗಂಡಸರನ್ನೂ "ಏನೋ, ಎರಡೂವರೆ ಕೆಜಿ" ಅಂತ ಹುಟ್ಟಿದಾಗಿನ ತೂಕ ಹಿಡಿದು ಕರೆಯುತ್ತಾಳೆ. ಅವರೂ ಓಗೊಡುತ್ತಾರೆ.

ಭಾವನ ಪರಿಚಯವಾದದ್ದೂ ಸೈಕಲ್ಲಿನಿಂದಲೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೀಟು ಎತ್ತರ ಮಾಡಿಸಲು ಅವರ ಅಂಗಡಿಗೆ ಹೋದಳಂತೆ. ಭಾವ ಅವಳನ್ನು ಒಮ್ಮೆ ಅಡಿಯಿಂದ ಮುಡಿವರೆಗೆ ನೋಡಿ, ಸೀಟಿನ ಕಂಬ ಮೇಲೆಳೆದು, ತಿರುಪು ಬಿಗಿ ಮಾಡಿ ಕೊಟ್ಟರಂತೆ. "ನನ್ನನ್ನು ಹತ್ತಿ ಕೂರೋಕೆ ಹೇಳ್ದೆ ಅದು ಹೇಗ್ರೀ ಅಳತೆ ತಗೊಂಡ್ರಿ? ಇನ್ನೊಂದು ಸಲ ಹಾಗೆ ನೋಡಿದ್ರೆ ಚೆನ್ನಾಗಿರಲ್ಲ" ಅಂತ ಇವಳು ದಬಾಯಿಸಿದ್ದಾಳೆ. ಭಾವ ಸ್ಪ್ಯಾನರ್ ಕೆಳಗಿಟ್ಟು, "ಅಳತೆ ಸರಿಯಾಗಿದೆಯಾ ಇಲ್ವಾ, ಅದನ್ನ ಹೇಳಿ" ಅಂದರಂತೆ. ಅಳತೆ ಸರಿಯಾಗಿತ್ತು. ಎಷ್ಟು ಸರಿಯಾಗಿತ್ತೆಂದರೆ, ಮುಂದಿನ ವರ್ಷ ಮದುವೆಯೂ ಆಯಿತು, ಆ ಸೀಟಿನ ತಿರುಪನ್ನು ಮಾತ್ರ ಆಮೇಲೆ ಯಾರೂ ಮುಟ್ಟಲಿಲ್ಲ.

ಹೋದ ವರ್ಷ ಅಕ್ಕ ಮನೆಯ ಹಿತ್ತಿಲ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಸೊಂಟದ ಕೀಲು ಮುರಿಯಿತು. ಆಪರೇಷನ್ ಆಯಿತು, ತಿಂಗಳುಗಟ್ಟಲೆ ಮಲಗಿದಳು, ಆಮೇಲೆ ವಾಕರ್, ಆಮೇಲೆ ಕೋಲು. ಕೊನೆಗೆ ಒಂದು ದಿನ ಡಾಕ್ಟರು, "ಇನ್ನು ಸೈಕಲ್ ತುಳೀಬಹುದು, ನಡೆಯೋದಕ್ಕಿಂತ ಅದೇ ನಿಮ್ಮ ಕೀಲಿಗೆ ಹಗುರ" ಅಂದರು. ಆದರೆ ಒಂದು ಷರತ್ತು ಹಾಕಿದರು. ಸೀಟಿನ ಮೇಲೆ ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕು. ಅಂದರೆ ಸೀಟು ನಾಲ್ಕು ಬೆರಳು ಕೆಳಗಿಳಿಯಬೇಕು.

ಆರೋಗ್ಯ ಕೇಂದ್ರದಿಂದಲೂ ಕಾಗದ ಬಂತು. ಮುಂದಿನ ಒಂದನೇ ತಾರೀಕು ಕೆಲಸಕ್ಕೆ ಹಾಜರಾಗಿ, ಸುತ್ತಾಟ ಆಗುವುದಿದ್ದರೆ ಹಳೆಯ ಕೆಲಸವೇ ಇರಲಿ, ಆಗದಿದ್ದರೆ ನೋಂದಣಿ ಮೇಜಿನಲ್ಲಿ ಕೂರಿ ಅಂತ. ಅಕ್ಕನಿಗೆ ನಿವೃತ್ತಿಗೆ ಇನ್ನು ನಾಲ್ಕು ವರ್ಷ.

"ಮೇಜಿನ ಹಿಂದೆ ಕೂತು, ಬಂದವರ ಹೆಸರೇನು ವಯಸ್ಸೇನು ಅಂತ ಬರ್ಕೊಂಡು ನಾಲ್ಕು ವರ್ಷ," ಅಂದಳು ಅಕ್ಕ. ಕಾಗದವನ್ನು ಮಡಿಸಿ ಮಡಿಸಿ ಬೆರಳುಗುರಿನಷ್ಟು ಚಿಕ್ಕದು ಮಾಡಿದಳು. "ಅದಕ್ಕಿಂತ ಮನೇಲಿ ಕೂರೋದು ಮೇಲು. ಹೋದ್ರೆ ಸೈಕಲ್ಲಲ್ಲೇ ಹೋಗ್ತೀನಿ."

"ಸೀಟು ಇಳಿಸಿದ್ರಾಯ್ತಪ್ಪ, ನೋಡೋಣ," ಅಂದರು ಭಾವ.

ನೋಡೋಣ ಅಂದವರು ನೋಡಲಿಲ್ಲ. ಇವತ್ತು ಗಿರಾಕಿ ಜಾಸ್ತಿ, ನಾಳೆ ಬೆನ್ನು ನೋವು, ನಾಡಿದ್ದು ಇನ್ನೇನೋ. ಊರಿನ ಸೈಕಲ್ಲುಗಳಿಗೆಲ್ಲ ಎಣ್ಣೆ ಬೀಳುತ್ತದೆ, ಮನೆಯ ಸೈಕಲ್ಲಿಗೆ ಮಾತ್ರ ಪುರುಸೊತ್ತಿಲ್ಲ. ಒಂದು ವಾರ ಹೀಗೇ ಹೋಯಿತು. ನನ್ನ ಸ್ವಭಾವ ಹೇಳಿದೆನಲ್ಲ. ಒಂದು ಮಧ್ಯಾಹ್ನ ಭಾವ ಬಿಡಿಭಾಗ ತರಲು ಪೇಟೆಗೆ ಹೋಗಿದ್ದರು. ಅಕ್ಕ ಒಳಗೆ ಮಲಗಿದ್ದಳು. ಒಂದು ತಿರುಪು ಬಿಚ್ಚಿ ಸೀಟು ಇಳಿಸಲು ಇಷ್ಟೊಂದು ರಾಮಾಯಣ ಬೇಕೇ ಅಂತ ನಾನೇ ಎದ್ದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಸೈಕಲ್ಲಿನ ಎಡಗಡೆಯ ಪೆಡಲ್ಲಿದೆಯಲ್ಲ, ಅದರ ತಿರುಪು ಉಲ್ಟಾ. ಎಲ್ಲ ತಿರುಪೂ ಬಿಚ್ಚುವ ಕಡೆಗೆ ಅದು ಬಿಗಿಯಾಗುತ್ತದೆ, ಬಿಗಿಯುವ ಕಡೆಗೆ ಬಿಚ್ಚಿಕೊಳ್ಳುತ್ತದೆ. ತುಳಿಯುವಾಗ ತಾನಾಗಿ ಕಳಚಬಾರದು ಅಂತ ಹಾಗೆ ಮಾಡಿರುತ್ತಾರೆ. ಸೈಕಲ್ ಅಂಗಡಿಯ ಗಂಧಗಾಳಿ ಇಲ್ಲದವರಿಗೆ ಇದು ಗೊತ್ತಿರುವುದಿಲ್ಲ. ನನಗೆ ಗೊತ್ತಿತ್ತು. ಭಾವನೇ ಹತ್ತಾರು ಸಲ ಗಿರಾಕಿಗಳಿಗೆ "ಎಡಗಡೆ ಉಲ್ಟಾ ಸಾರ್, ಎಡಗಡೆ ಉಲ್ಟಾ" ಅಂತ ಹೇಳುವುದನ್ನು ಕಿಟಕಿಯಿಂದ ಕೇಳಿಕೊಂಡಿದ್ದೆ. ಅಕ್ಕನ ಸೀಟಿನ ತಿರುಪಿನ ತಲೆ ಇದ್ದದ್ದು ಎಡಗಡೆ. ಏನೂ ಗೊತ್ತಿಲ್ಲದವರಾಗಿದ್ದರೆ ಸರಿಯಾದ ಕಡೆಗೇ ತಿರುಗಿಸುತ್ತಿದ್ದರು. ನಾನು ತಿಳಿದವಳಲ್ಲವೇ, ಉಲ್ಟಾ ತಿರುಗಿಸಿದೆ. ಪೆಡಲ್ಲಿಗೆ ಮಾತ್ರ ಆ ನಿಯಮ, ಸೀಟಿಗಲ್ಲ ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ತಿರುಪು ಮಿಸುಕಲಿಲ್ಲ. ಬಾಯಿ ದೊಡ್ಡದು ಚಿಕ್ಕದು ಮಾಡುವ ಸ್ಪ್ಯಾನರ್ ಒಂದಿತ್ತು, ಅದನ್ನು ಹಾಕಿ ಎರಡೂ ಕೈಯಿಂದ ಜಗ್ಗಿದೆ. ಕಾಲನ್ನು ಗೋಡೆಗೆ ಕೊಟ್ಟು ಜಗ್ಗಿದೆ. ಟಕ್ ಅಂತ ಜಾರಿತು. ಇನ್ನೊಮ್ಮೆ ಹಾಕಿದೆ, ಇನ್ನೊಮ್ಮೆ ಜಾರಿತು. ಬಗ್ಗಿ ನೋಡಿದರೆ ಆರು ಮೂಲೆಯೂ ಸವೆದು ಗುಂಡಗೆ ಹೊಳೆಯುತ್ತಿತ್ತು. ಹದಿನೆಂಟು ವರ್ಷ ಮೊಂಡಗಳ ಕಥೆ ಕೇಳಿ ನಕ್ಕವಳು ನನ್ನ ಕೈಯಾರೆ ಒಂದು ಮೊಂಡ ತಯಾರು ಮಾಡಿದ್ದೆ. ಸ್ಪ್ಯಾನರ್ ಇದ್ದ ಜಾಗದಲ್ಲಿಟ್ಟು, ಕೈ ತೊಳೆದುಕೊಂಡು, ಮಷೀನಿನ ಮುಂದೆ ಕೂತು, ಏನೂ ಆಗದವಳ ಹಾಗೆ ಒಂದು ಪ್ಯಾಂಟಿನ ಅಂಚು ಮಡಿಸತೊಡಗಿದೆ.

ಮಾರನೆಯ ಬೆಳಿಗ್ಗೆಯೇ, ನನ್ನ ಗ್ರಹಚಾರಕ್ಕೆ, ಭಾವ ಆ ಸೈಕಲ್ಲಿನ ಮುಂದೆ ಸ್ಟೂಲ್ ಹಾಕಿ ಕೂತರು. ನಾನು ಕಿಟಕಿಯಿಂದ ಓರೆಗಣ್ಣಲ್ಲಿ ನೋಡಿದೆ. ಅವರು ಬಗ್ಗಿದರು, ಬಹಳ ಹೊತ್ತು ನೋಡಿದರು. ಈಗ ಜಾತಕ ಹೇಳುತ್ತಾರೆ ಅಂತ ನಾನು ಉಸಿರು ಹಿಡಿದುಕೊಂಡೆ. ಹೇಳಲಿಲ್ಲ.

ಅಕ್ಕ ಕೋಲೂರಿಕೊಂಡು ಬಂದು, "ಏನಾಗಿದೆ?" ಅಂತ ಕೇಳಿದಳು.

"ಮೊಂಡ ಆಗಿದೆ."

"ಯಾರು ಮಾಡಿದ್ದು?"

"ಹಳೇದಲ್ವಾ, ತುಕ್ಕು," ಅಂದರು ಭಾವ. ಅಷ್ಟೇ.

ಇನ್ನೊಂದು ತೊಡಕೂ ಇತ್ತು. ಸಾಮಾನ್ಯವಾಗಿ ಇಂಥ ಕಡೆ ಇನ್ನೊಂದು ಪಕ್ಕದಲ್ಲಿ ನಟ್ ಇರುತ್ತದೆ, ಬಿಚ್ಚದಿದ್ದರೆ ಗರಗಸ ಹಾಕಿ ಕೊಯ್ದು ಹೊಸದು ಹಾಕಬಹುದು. ಅಕ್ಕನ ಹಳೆಯ ಸೈಕಲ್ಲಿಗೆ ನಟ್ಟೇ ಇಲ್ಲ. ತಿರುಪು ನೇರವಾಗಿ, ಸೀಟಿನ ಕಂಬವನ್ನು ಹಿಡಿದಿಡುವ ಚೌಕಟ್ಟಿನ ಕಿವಿಯೊಳಗೇ ಹೋಗಿ ಕೂರುತ್ತದೆ. ಜೋರು ಮಾಡಿ ಕಿವಿ ಸೀಳಿದರೆ ಸೈಕಲ್ಲಿನ ಕಥೆಯೇ ಮುಗಿಯಿತು. ಬೀದಿಯ ಕೊನೆಯ ವೆಲ್ಡಿಂಗ್ ಅಂಗಡಿಯವನು ಬಂದು ನೋಡಿ, "ಕಾಯಿಸಿ ಹೊಡೆದುಬಿಡೋಣ ಬನ್ನಿಸ್ವಾಮಿ" ಅಂದಾಗ ಭಾವ ಕೈ ಅಡ್ಡ ಹಿಡಿದು, "ಬೇಡಪ್ಪಾ, ಎಣ್ಣೆ ಇಳೀಲಿ" ಅಂದರು. ಎಣ್ಣೆಯಲ್ಲಿ ಅದ್ದಿದ ಬಟ್ಟೆಯೊಂದನ್ನು ತಿರುಪಿನ ಸುತ್ತ ಕಟ್ಟಿದರು.

ಅಲ್ಲಿಂದ ಶುರುವಾಯಿತು ನನ್ನ ಪಾಡು. ಅಕ್ಕ ದಿನಾ ಬೆಳಿಗ್ಗೆ ಪಡಸಾಲೆಯಲ್ಲಿ ಕೋಲಿಲ್ಲದೆ ನಡೆದು ಅಭ್ಯಾಸ ಮಾಡುತ್ತಿದ್ದಳು. ಈ ಗೋಡೆಯಿಂದ ಆ ಗೋಡೆಗೆ ಇಪ್ಪತ್ತೆರಡು ಹೆಜ್ಜೆ, ಬಾಯಲ್ಲಿ ಎಣಿಸಿಕೊಂಡು ನಡೆಯುವಳು. ತೂಕದ ತಕ್ಕಡಿ ತೆಗೆದು ಒರೆಸಿಟ್ಟಳು. ಜೋಲಿಯ ಬಟ್ಟೆ ಹಳೆಯದಾಗಿದೆ ಅಂತ ನನ್ನಿಂದ ಹೊಸದು ಹೊಲಿಸಿಕೊಂಡಳು. ಸಾಯಂಕಾಲವಾದರೆ ಅಂಗಡಿಯ ಬಾಗಿಲಿಗೆ ಬಂದು ನಿಂತು, "ಬಂತಾ?" ಅಂತ ಕೇಳುವಳು.

"ಇನ್ನೂ ಎಣ್ಣೆ ಇಳೀಬೇಕು."

"ಸರಿ," ಅಂತ ವಾಪಸ್ ಹೋಗುವಳು. ಮೊದಮೊದಲು ಆ ‘ಸರಿ’ ಗಟ್ಟಿಯಾಗಿತ್ತು. ದಿನ ಕಳೆದ ಹಾಗೆ ಮೆತ್ತಗಾಯಿತು. ಒಂಬತ್ತನೆಯ ದಿನ ಅವಳು ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರ್ ಮುಂದೆ ಸುಮ್ಮನೆ ನಿಂತಿದ್ದನ್ನು ನೋಡಿದೆ. ಒಬ್ಬರ ಅಂಗಿಗೆ ಬಲತೋಳನ್ನು ಎಡಕ್ಕೆ ಹೊಲಿದು ಬಿಚ್ಚಿದೆ. ಹೇಳಿಬಿಡೋಣ ಅಂತ ಬಾಯಿ ತೆರೆದರೆ, ಅಕ್ಕ "ಏನೇ?" ಅನ್ನುವಳು, ನಾನು "ಏನಿಲ್ಲ, ಟೀ ಮಾಡ್ಲಾ?" ಅನ್ನುವೆ. ಆ ವಾರ ನಮ್ಮ ಮನೆಯಲ್ಲಿ ಕುಡಿದಷ್ಟು ಟೀ ಎಂದೂ ಕುಡಿದಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ, ಒಂದನೇ ತಾರೀಕಿಗೆ ಇನ್ನು ಮೂರೇ ದಿನವಿದ್ದಾಗ, ಭಾವ ರಿಪೇರಿಯಾದ ಚಕ್ರವೊಂದನ್ನು ಕೊಟ್ಟುಬರಲು ಹೋದರು. ನಾನು ಹೋಗಿ ಆ ಸೈಕಲ್ಲಿನ ಮುಂದೆ ಮಂಡಿಯೂರಿ ಕೂತೆ. ಏನು ಮಾಡಬೇಕೆಂದುಕೊಂಡಿದ್ದೆನೋ ನನಗೇ ಗೊತ್ತಿಲ್ಲ. ಬೇಡಿಕೊಳ್ಳಲಿಕ್ಕೆ ಹೋಗಿದ್ದೆ ಅಂತ ಕಾಣುತ್ತದೆ. ಕಟ್ಟಿದ್ದ ಬಟ್ಟೆ ಬಿಚ್ಚಿದೆ.

ತಿರುಪಿನ ತಲೆಯನ್ನು ಎರಡು ಪಕ್ಕ ಅರದಿಂದ ಉಜ್ಜಿ ಚಪ್ಪಟೆ ಮಾಡಲಾಗಿತ್ತು, ಕನ್ನಡಿಯ ಹಾಗೆ ಸಪಾಟಾಗಿ. ಅಂಥ ಕೆಲಸ ಭಾವನ ಕೈಗಲ್ಲದೆ ಬೇರೆ ಯಾರಿಗೂ ಬರುವುದಿಲ್ಲ. ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಸುಮ್ಮನೆ ತಿರುಗಿಸಿದೆ. ತಿರುಗಿತು. ಸೀಸೆಯ ಮುಚ್ಚಳ ತಿರುಗುವ ಹಾಗೆ ಸಲೀಸಾಗಿ ತಿರುಗಿತು. ಸೀಟನ್ನು ಹಿಡಿದು ಅಲುಗಿಸಿದೆ, ಅದೂ ಸಡಿಲವಾಗಿತ್ತು.

ಮೊದಲು ಕುಣಿಯುವಷ್ಟು ಖುಷಿಯಾಯಿತು. ಅಕ್ಕನನ್ನು ಕೂಗಲು ಬಾಯಿ ತೆರೆದೆ. ಆಮೇಲೆ ನೋಡಿದೆ, ಅರದ ಗುರುತಿನ ಮೇಲೆ ಆಗಲೇ ಮಬ್ಬು ಹಿಡಿದಿತ್ತು. ಇದು ಇವತ್ತು ಮಾಡಿದ್ದಲ್ಲ, ನಿನ್ನೆ ಮಾಡಿದ್ದೂ ಅಲ್ಲ. ಬಟ್ಟೆಯನ್ನು ಹಾಗೇ ನೆಲದ ಮೇಲೆ ಬಿಟ್ಟು, ಭಾವನ ಸ್ಟೂಲಿನ ಮೇಲೆ ಕೂತೆ.

ಭಾವ ಬಂದರು. ಬಿಚ್ಚಿದ ಬಟ್ಟೆ ನೋಡಿದರು, ನನ್ನನ್ನು ನೋಡಿದರು.

"ಯಾವಾಗ ಬಿಚ್ತು ಇದು?" ಅಂದೆ.

"ಮೂರನೇ ದಿನ."

"ಮತ್ತೆ ಎಂಟು ದಿನದಿಂದ ಅವಳಿಗೆ ಎಣ್ಣೆ ಇಳೀಬೇಕು, ಎಣ್ಣೆ ಇಳೀಬೇಕು ಅಂತ..." ಎದ್ದು ನಿಂತೆ. "ನಾನಿಲ್ಲಿ ಹಾಳು ಮಾಡ್ಬಿಟ್ಟೆ ಅಂತ ಹನ್ನೊಂದು ದಿನದಿಂದ ಸಾಯ್ತಾ ಇದೀನಿ ಭಾವ. ಅದನ್ನ ಮೊಂಡ ಮಾಡಿದ್ದು ನಾನು."

"ಗೊತ್ತು."

"ಗೊತ್ತಾ?"

"ಮೊದಲನೇ ದಿನಾನೇ ಗೊತ್ತಾಯ್ತು. ಬಿಚ್ಚೋಕೆ ಹೋದವರು ಮೂಲೇನ ಒಂದು ಪಕ್ಕ ಸವೆಸ್ತಾರೆ. ಇದರಲ್ಲಿ ಆರೂ ಮೂಲೆ ಬಿಗಿ ಮಾಡೋ ಪಕ್ಕಾನೇ ಸವೆದಿದೆ. ಯಾರೋ ಮೈಮೇಲೆ ಬಂದ ಹಾಗೆ ಬಿಗಿ ಮಾಡಿದಾರೆ. ಸೀಟಿನ ತಿರುಪನ್ನ ಎಡಗಡೆ ಉಲ್ಟಾ ಅಂದ್ಕೊಳ್ಳೋವಷ್ಟು ವಿದ್ಯೆ ಇರೋರು ಈ ಮನೇಲಿ ಇನ್ಯಾರಿದಾರೆ?" ಅಂದರು. ನಗಲಿಲ್ಲ, ಆದರೆ ಬೈಯಲೂ ಇಲ್ಲ. "ನಾನು ಯಾವಾಗ್ಲೂ ಮೊದಲು ಸ್ವಲ್ಪ ಬಿಗಿ ಮಾಡ್ತೀನಲ್ಲ, ಆ ಕೆಲಸ ನೀನೇ ಮಾಡಿಟ್ಟಿದ್ದೆ. ಸ್ವಲ್ಪ ಅಲ್ಲ, ಪೂರ್ತಿ."

ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಎರಡರಲ್ಲಿ ಸಿಟ್ಟೇ ನನಗೆ ಅಭ್ಯಾಸ. "ನಂದು ಬಿಡಿ, ದಡ್ಡತನ. ನಿಮ್ದೇನು? ಬಿಚ್ಚಿದ್ದನ್ನ ಬಟ್ಟೆ ಕಟ್ಟಿ ಮುಚ್ಚಿಟ್ರಲ್ಲ, ಅದಕ್ಕೇನಂತಾರೆ?"

ಭಾವ ಗೋಡೆಗೊರಗಿ ನೆಲದ ಮೇಲೇ ಕೂತರು. ಒಂದು ಚಿಂದಿ ತೆಗೆದುಕೊಂಡು ಬೆರಳು ಒಂದೊಂದೇ ಒರೆಸಿಕೊಂಡರು. ಒರೆಸುವಂಥದ್ದು ಏನೂ ಇರಲಿಲ್ಲ.

"ಅವಳು ಬಿದ್ದ ದಿನ," ಅಂದರು, "ನೀನು ಬಟ್ಟೆ ಕೊಡೋಕೆ ಹೋಗಿದ್ದೆ. ನಾನು ಇಲ್ಲೇ ಕೂತು ಒಂದು ಸೊಟ್ಟಗಾದ ಮಡ್‌ಗಾರ್ಡನ್ನ ಸುತ್ತಿಗೇಲಿ ಹೊಡೀತಾ ಇದ್ದೆ. ಅವಳು ಅಲ್ಲಿಂದ ಕೂಗಿದ್ದಾಳೆ. ಅರ್ಧ ಗಂಟೆ ಕೂಗಿದ್ದಾಳೆ. ಆಮೇಲೆ ಕೂಗೋದು ಬಿಟ್ಟು, ನೀನು ಬರ್ತೀಯ ಅಂತ ಕಾಯ್ತಾ ಬಿದ್ದಿದ್ದಾಳೆ. ಇಲ್ಲಿಂದ ಹಿತ್ತಿಲಿಗೆ ಎಷ್ಟು ಹೆಜ್ಜೆ? ಮೂವತ್ತು ಇದ್ರೆ ಹೆಚ್ಚು. ನಂಗೆ ಕೇಳಿಸ್ಲಿಲ್ಲ. ನಾನು ಬನ್ನಿ ಸ್ವಾಮಿ ಬನ್ನಿ ಸ್ವಾಮಿ ಅಂತ ತಗಡಿನ ಹತ್ರ ಮಾತಾಡ್ಕೊಂಡು ಕೂತಿದ್ದೆ."

ನನಗೆ ಇದು ಗೊತ್ತಿರಲಿಲ್ಲ. ಅಕ್ಕ ನನಗೆ ಹೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

"ಮನೇಲಿ ಬಿದ್ದಿದ್ದೇ ಕೇಳಿಸ್ಲಿಲ್ಲ. ನಾಳೆ ಎಲ್ಲೋ ದೂರದ ಬೀದೀಲಿ ಬಿದ್ರೆ? ತಿರುಪು ಬಿಚ್ಚಿದ ದಿನ ಅವಳನ್ನ ಕರೀಬೇಕು ಅಂತ ಎದ್ದೆ. ಕಾಲು ಬರ್ಲಿಲ್ಲ. ಮೇಜಿನ ಕೆಲಸಾನೇ ಒಪ್ಕೊಳ್ಳಲಿ, ಒಂದನೇ ತಾರೀಕು ಕಳೆದುಹೋಗಲಿ ಅಂತ ಬಟ್ಟೆ ಕಟ್ಟಿದೆ. ನೀನು ಹಾಳು ಮಾಡಿದ್ದು ಒಂಥರ ನಂಗೆ ದಾರಿ ಮಾಡಿಕೊಟ್ಟಂಗಾಯ್ತು."

ಅವರ ಕಣ್ಣು ಒದ್ದೆಯಾಗಿತ್ತು. ನನಗೆ ಅವರ ಮೇಲೆ ಎಷ್ಟು ಕನಿಕರ ಹುಟ್ಟಿತೋ ಅಷ್ಟೇ ಸಿಟ್ಟೂ ಇತ್ತು, ಎರಡೂ ಒಟ್ಟಿಗೇ ಬಂದವು.

"ಅವಳನ್ನ ಮೇಜಿಗೆ ಕಟ್ಟಿ ಹಾಕಿದ್ರೆ ನಿಮಗೆ ನಿದ್ದೆ ಬರುತ್ತೆ ಭಾವ. ಅವಳಿಗೆ?" ಅಂದೆ. "ದಿನಾ ಸಾಯಂಕಾಲ ಬಂದು ಕೇಳಿ ವಾಪಸ್ ಹೋಗ್ತಾಳಲ್ಲ, ಆಗ ಅವಳ ಬೆನ್ನು ನೋಡಿದೀರಾ ನೀವು? ನಾನು ನೋಡಿದೀನಿ."

ಭಾವ ನೆಲದ ಮೇಲೆ ಬಿದ್ದಿದ್ದ ಎಣ್ಣೆಬಟ್ಟೆಯನ್ನು ಎತ್ತಿ ಮಡಿಸಿದರು. ಕೊನೆಗೆ, "ನೀನೇ ಹೇಳ್ಬಿಡಮ್ಮ," ಅಂದರು.

"ನಂದು ನಾನು ಹೇಳ್ತೀನಿ. ನಿಮ್ದು ನೀವು ಹೇಳಿ."

ಆ ಸಾಯಂಕಾಲ ಅಕ್ಕ ಅಂಗಡಿಯ ಬಾಗಿಲಿಗೆ ಬಂದು "ಬಂತಾ?" ಅಂದಾಗ ನಾವಿಬ್ಬರೂ ಅಲ್ಲೇ ನಿಂತಿದ್ದೆವು, ಹೋಂವರ್ಕ್ ಮಾಡದ ಮಕ್ಕಳ ಹಾಗೆ. ಮೊದಲು ನನ್ನದನ್ನು ನಾನು ಹೇಳಿದೆ. ಅಕ್ಕ, "ಎಡಗಡೆ ಉಲ್ಟಾ ಅಂತ ತಿರುಗಿಸಿದ್ಯಾ?" ಅಂತ ಎರಡು ಸಲ ಕೇಳಿದಳು, ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳು ಹಾಗೆ ನಕ್ಕದ್ದು. ನಗು ನಿಲ್ಲುವ ಮೊದಲೇ ಭಾವ, "ಬಿಚ್ಚಿ ಎಂಟು ದಿನ ಆಯ್ತು ಕಣೇ," ಅಂದರು.

ನಗು ನಿಂತಿತು.

ಭಾವ ಎಲ್ಲವನ್ನೂ ಹೇಳಿದರು. ಏನನ್ನೂ ಬಿಡಲಿಲ್ಲ, ಮೇಜಿನ ಕೆಲಸ ಒಪ್ಪಿಕೊಳ್ಳಲಿ ಅಂತ ಕಾದದ್ದನ್ನೂ ಹೇಳಿದರು. ಅಕ್ಕ ಕೋಲಿನ ತುದಿಯನ್ನೇ ನೋಡುತ್ತ ಕೇಳಿಸಿಕೊಂಡಳು.

"ಮೂವತ್ತೊಂದು ವರ್ಷದಲ್ಲಿ ನೀವು ನಂಗೆ ಹೇಳಿದ ಮೊದಲನೇ ಸುಳ್ಳು," ಅಂದಳು. "ಅಷ್ಟು ಹೆದರಿಕೆನಾ?"

"ಹೂಂ."

"ನಂಗಿಲ್ವಾ?" ಅಂದಳು ಅಕ್ಕ. "ದಿನಾ ಸಾಯಂಕಾಲ ಬಂದು ಕೇಳ್ತಿದ್ನಲ್ಲ, ನೀವು ಇನ್ನೂ ಬಂದಿಲ್ಲ ಅಂದಾಗೆಲ್ಲ ಒಂದು ಕಡೆ ಜೀವ ಹಗುರಾಗ್ತಿತ್ತು, ಗೊತ್ತಾ ನಿಮಗೆ? ಬೇಜಾರಾಗ್ತಿದ್ದಿದ್ದು ಅದಕ್ಕೇ. ಇನ್ನೊಂದು ಎಂಟು ದಿನ ಹೀಗೇ ಹಗುರಾದ್ರೆ ನಾನು ಆ ಮೇಜಿನ ಹಿಂದೆ ಹೋಗಿ ಕೂತ್ಬಿಡ್ತೀನಿ. ಆಮೇಲೆ ನೀವು ಕರೆದ್ರೂ ಏಳಲ್ಲ."

ಬೀದಿಯಲ್ಲಿ ಯಾರೋ "ಬನ್ನಿಸ್ವಾಮಿ, ಗಾಳಿ ಹಾಕ್ತೀರಾ?" ಅಂತ ಕೂಗಿದರು. "ನೀವೇ ಹಾಕ್ಕೊಳ್ಳಿ, ಪಂಪು ಅಲ್ಲೇ ಇದೆ," ಅಂತ ನಾನು ಗದರಿದೆ.

"ಇಳಿಸಿ," ಅಂದಳು ಅಕ್ಕ.

ಭಾವ ತಿರುಪು ಸಡಿಲಿಸಿ ಸೀಟಿನ ಕಂಬವನ್ನು ಅತ್ತಿತ್ತ ತಿರುಗಿಸುತ್ತ ಕೆಳಗೆ ಒತ್ತಿದರು. "ಇನ್ನೂ," ಅಂದಳು. ಇನ್ನೂ ಒತ್ತಿ, ತಿರುಪನ್ನು ಸ್ವಲ್ಪ ಬಿಗಿ ಮಾಡಿದರು. ಅವಳು ಕೋಲನ್ನು ನನ್ನ ಕೈಗೆ ಕೊಟ್ಟು, ಸೈಕಲ್ಲನ್ನು ಒರಗಿಸಿಕೊಂಡು ಮೆಲ್ಲಗೆ ಕಾಲು ದಾಟಿಸಿ ಕೂತಳು. ಎರಡೂ ಪಾದ ನೆಲದ ಮೇಲೆ ಸಪಾಟಾಗಿ ಕೂತವು. ಅವಳು ಇಳಿದ ಮೇಲೆ ಭಾವ ಹಳೆಯ ತಿರುಪು ತೆಗೆದು ಹೊಸದು ಹಾಕಿದರು, ಬಿಗಿ ಮಾಡಿದರು, ಮತ್ತೊಮ್ಮೆ ಬಿಗಿ ಮಾಡಿದರು, ಮೂರನೆಯ ಸಲ ಸ್ಪ್ಯಾನರ್ ಎತ್ತಿದಾಗ ಅಕ್ಕ ಅವರ ಮಣಿಕಟ್ಟು ಹಿಡಿದುಕೊಂಡಳು.

"ಸಾಕು ಬಿಡಿ. ಕಾಲು ಸರಿಹೋದ್ಮೇಲೆ ಮತ್ತೆ ಮೇಲೇರಿಸ್ಬೇಕಲ್ಲ."

ಎರಡು ದಿನ ಸಂಜೆ ಬೀದಿಯಲ್ಲಿ ಅಭ್ಯಾಸ ನಡೆಯಿತು. ಭಾವ ಸೀಟಿನ ಹಿಂಭಾಗ ಹಿಡಿದುಕೊಂಡು ಪಕ್ಕದಲ್ಲಿ ಓಡುತ್ತಿದ್ದರು. ಅಕ್ಕ "ಬಿಡಿ" ಅನ್ನುವಳು, ಅವರು "ಬಿಟ್ಟಿದೀನಿ" ಅನ್ನುವರು, ಬಿಟ್ಟಿರುತ್ತಿರಲಿಲ್ಲ. ಒಂದು ಸುಳ್ಳು ಹೇಳಿ ಅಭ್ಯಾಸವಾದವರಿಗೆ ಎರಡನೆಯದು ಸಲೀಸು ಅಂತ ನಾನು ಬಾಗಿಲಿಂದ ಕೂಗಿ ಹೇಳಿದೆ. ಎರಡನೆಯ ಸಂಜೆ ಅಕ್ಕ ಒಮ್ಮೆಲೇ ಜೋರಾಗಿ ತುಳಿದಳು. ಭಾವನ ಅರವತ್ತೆರಡು ವರ್ಷದ ಕಾಲು ಎಷ್ಟು ಓಡೀತು? ತಾನಾಗೇ ಕೈ ಬಿಟ್ಟಿತು. ಭಾವ ಬೀದಿಯ ನಡುವೆ ಮಂಡಿ ಹಿಡಿದು ನಿಂತು ಏದುಸಿರು ಬಿಡುತ್ತ ನೋಡಿದರು. ಅವಳು ಕೊನೆಯವರೆಗೆ ಹೋಗಿ, ಎರಡೂ ಕಾಲು ಊರಿ, ಸೈಕಲ್ ತಿರುಗಿಸಿಕೊಂಡು ಬಂದಳು.

ಒಂದನೇ ತಾರೀಕು ಬೆಳಿಗ್ಗೆ ಒಂಬತ್ತಕ್ಕೆ ಅಕ್ಕ ಹೊರಟಳು. ಹಿಂದಿನ ಕ್ಯಾರಿಯರಿನಲ್ಲಿ ತಕ್ಕಡಿ, ಹೊಸ ಜೋಲಿ. ಕೋಲನ್ನು ಭಾವ ಚೌಕಟ್ಟಿಗೆ ಎರಡು ಕಡೆ ಕಟ್ಟಿಕೊಟ್ಟಿದ್ದರು. ಅವಳು ತಿರುವು ದಾಟಿ ಮರೆಯಾದ ಮೇಲೂ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತಿದ್ದು, ಆಮೇಲೆ ಒಳಗೆ ಹೋದರು.

ನಾನು ಮಷೀನಿನ ಮುಂದೆ ಕೂತೆ. ಸ್ವಲ್ಪ ಹೊತ್ತಿನಲ್ಲಿ ಒಬ್ಬರು ಸೊಟ್ಟಗಾದ ಚಕ್ರದ ರಿಮ್ಮು ತಂದರು. ಭಾವ, "ಮಧ್ಯಾಹ್ನದ ಮೇಲೆ ಮಾಡಿಕೊಡ್ತೀನಿ, ಇಟ್ಟು ಹೋಗಿ" ಅಂದರು. ಹತ್ತೂವರೆಗೆ ಇನ್ನೊಬ್ಬರು ಬಗ್ಗಿದ ಕ್ಯಾರಿಯರ್ ತಂದರು. ಅವರಿಗೂ ಅದನ್ನೇ ಹೇಳಿದರು. ಬೆಳಿಗ್ಗೆಯೆಲ್ಲ ಪಂಕ್ಚರ್ ಹಾಕಿದರು, ಚೈನಿಗೆ ಎಣ್ಣೆ ಬಿಟ್ಟರು, ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬಿಗಿ ಮಾಡಿದರು. ಏನೋ ಕಡಿಮೆಯಾಗಿದೆಯಲ್ಲ ಅಂತ ನನಗೆ ಬಹಳ ಹೊತ್ತು ಅನ್ನಿಸುತ್ತಿತ್ತು, ಏನೆಂದು ತಿಳಿಯಲಿಲ್ಲ. ಹನ್ನೆರಡಾದ ಮೇಲೆ ತಿಳಿಯಿತು. ಆ ಅಂಗಡಿಯಿಂದ ಬೆಳಗಿನಿಂದ ಒಂದು ಸಲವೂ ಸುತ್ತಿಗೆಯ ಸದ್ದು ಬಂದಿರಲಿಲ್ಲ. ಸದ್ದಾಗುವ ಕೆಲಸವನ್ನೆಲ್ಲ ಒಂದು ಮೂಲೆಗೆ ಒರಗಿಸಿಟ್ಟು, ಬೀದಿಯ ಕಡೆಗೆ ಕಿವಿ ಕೊಟ್ಟುಕೊಂಡು ಕೂತಿದ್ದರು.

ನಾನೂ ಮಷೀನ್ ನಿಲ್ಲಿಸಿದೆ. ಕೈಹೊಲಿಗೆಯ ಗುಂಡಿಗಳ ಕೆಲಸ ತೆಗೆದುಕೊಂಡೆ.

ಒಂದೂವರೆಗೆ ಬೆಲ್ ಕೇಳಿಸಿತು. ಅಕ್ಕ ಬಾಗಿಲ ಮುಂದೆ ಬ್ರೇಕ್ ಹಿಡಿದು ಎರಡೂ ಪಾದ ಊರಿದಳು. ಮುಖ ಬಿಸಿಲಿಗೆ ಕೆಂಪಾಗಿತ್ತು.

"ಬಂದ್ಯಾ?" ಅಂದರು ಭಾವ.

"ಬಂದೆ. ಏಳು ಮನೆ ಆಯ್ತು. ಒಂದು ಕೂಸು ಮೂರೂಮುಕ್ಕಾಲು ಕೆಜಿ ಇದೆ ಕಣ್ರೀ, ತಕ್ಕಡಿ ಹಿಡಿದು ಕೈ ಸೋತು ಹೋಯ್ತು," ಅಂತ ಅವಳು ಒಳಗೆ ಹೋದಳು.

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಕಿಟಕಿಯ ಆಚೆ ಮೂಲೆಯಿಂದ ರಿಮ್ಮು ಎಳೆದುಕೊಂಡ ಸದ್ದು, ಅದರ ಹಿಂದೆಯೇ ಸುತ್ತಿಗೆ. ಗೋಡೆ ಅದುರುವ ಹಾಗೆ ಹೊಡೆಯುತ್ತಿದ್ದರು. ನನ್ನ ಸೂಜಿಯ ಡಬ್ಬಿ ಮೇಜಿನ ಮೇಲೆ ಕುಣಿಯಿತು. ನನಗೆ ಅಳು ಬಂತು. ದಾರ ಪೋಣಿಸಲು ಕಣ್ಣು ಕಾಣಲಿಲ್ಲ, ಸೂಜಿ ಕೆಳಗಿಟ್ಟು ಕೇಳಿಸಿಕೊಳ್ಳುತ್ತ ಕೂತೆ.